ನೀಲಕ್ಕನ ಹೋಳಿಗೆ ಮತ್ತು ನನ್ನ ಸಾಕ್ಷಿ

ನನ್ನನ್ನು ನಿಧಾನದ ಮನುಷ್ಯ ಎನ್ನಿ, ಒಪ್ಪುತ್ತೇನೆ. ಪಂಕ್ತಿಯಲ್ಲಿ ಉಳಿದವರೆಲ್ಲ ಮಜ್ಜಿಗೆ ಮುಗಿಸಿ ಕೈತೊಳೆಯುವ ಹೊತ್ತಿಗೆ ನಾನಿನ್ನೂ ಕೋಸಂಬರಿಯಲ್ಲಿರುತ್ತೇನೆ ಎನ್ನಿ, ಅದೂ ನಿಜ. ಮನೆಗೆ ಬೀಗ ಹಾಕಿ ಬಸ್ ನಿಲ್ದಾಣದ ತನಕ ಹೋದವನು ಬೀಗ ಎಳೆದು ನೋಡಲಿಕ್ಕೆಂದು ತಿರುಗಿ ಬರುತ್ತೇನೆ ಎಂದು ನನ್ನ ಹೆಂಡತಿ ಗಿರಿಜಾ ಕಂಡಕಂಡವರಿಗೆಲ್ಲ ಹೇಳಿದ್ದಾಳೆ. ನಾನು ಒಮ್ಮೆಯೂ ಅಲ್ಲಗಳೆದಿಲ್ಲ. ಆದರೆ ‘ನೀವು ಸರಿಯಾಗಿ ನೋಡಿರಲಿಕ್ಕಿಲ್ಲ’ ಎಂಬ ಒಂದು ಮಾತನ್ನು ಮಾತ್ರ ನನಗೆ ಯಾರೂ ಹೇಳಬಾರದು. ಅದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಈ ಯುಗಾದಿಯ ಆಸುಪಾಸಿನಲ್ಲಿ ಆ ಮಾತನ್ನು ನಾನು ನನ್ನ ಮನೆಯಲ್ಲಿ, ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಬೇಕಾಯಿತು. ಆ ಉರಿ ಇನ್ನೂ ಪೂರ್ತಿ ಆರಿಲ್ಲ.

ನಾನು ಶಿಗ್ಗಾಂವಿಯಲ್ಲಿ ಕೋರ್ಟಿನ ಗುಮಾಸ್ತ. ಸಾಕ್ಷಿಗಳು ಹೇಳುವುದನ್ನು ಕೇಳಿಸಿಕೊಳ್ಳುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಜನ ನೋಡದೇ ಇದ್ದುದನ್ನು ಎಷ್ಟು ಸ್ಪಷ್ಟವಾಗಿ ಹೇಳುತ್ತಾರೆ, ಕಣ್ಣೆದುರು ನಡೆದುದನ್ನು ಎಷ್ಟು ಮಸುಕಾಗಿ ಹೇಳುತ್ತಾರೆ ಎಂಬುದು ನನಗೆ ಗೊತ್ತು. ಬಡಿದಾಟವಾದಾಗ ನೀನು ಎಷ್ಟು ದೂರದಲ್ಲಿದ್ದೆ ಎಂದು ಕೇಳಿದರೆ ಒಬ್ಬ ಮುದುಕ, ‘ಒಂದು ಬೀಡಿ ಮುಗಿಯುವಷ್ಟು ದೂರ’ ಎಂದಿದ್ದ. ನಡೆಯುತ್ತ ಸೇದುವ ಬೀಡಿಯೋ ಕೂತು ಸೇದುವ ಬೀಡಿಯೋ ಎಂದು ಕೇಳಬೇಕೆಂದು ನನ್ನ ನಾಲಿಗೆ ತುದಿಗೆ ಬಂದಿತ್ತು, ಗುಮಾಸ್ತರು ಕೇಳುವ ಹಾಗಿಲ್ಲ. ಇಂಥವರ ನಡುವೆ ಇದ್ದೂ ಇದ್ದೂ ನಾನು ಒಂದು ಶಿಸ್ತು ರೂಢಿಸಿಕೊಂಡಿದ್ದೇನೆ. ನೋಡಿದ್ದನ್ನು ನೋಡಿದ ಹಾಗೆ, ನಡೆದ ಅನುಕ್ರಮದಲ್ಲಿ, ಏನನ್ನೂ ಸೇರಿಸದೆ, ಏನನ್ನೂ ಬಿಡದೆ ಹೇಳುವುದು. ಈ ಪ್ರಬಂಧವನ್ನೂ ಹಾಗೆಯೇ ಬರೆಯುತ್ತಿದ್ದೇನೆ. ಎಲ್ಲಿಯಾದರೂ ಏನಾದರೂ ಬಿಟ್ಟಿದ್ದರೆ ಅದು ಮುಂದೆ ಬರುತ್ತದೆ.

ಗಿರಿಜಾ ಕಾಲೇಜಿನಲ್ಲಿ ಆಹಾರ ವಿಜ್ಞಾನ ಕಲಿಸುತ್ತಾಳೆ. ಕಲಿಸುವುದಕ್ಕೆ ನನ್ನ ತಕರಾರಿಲ್ಲ. ಆದರೆ ಅವಳು ಸಂಶೋಧನೆಯನ್ನೂ ಮಾಡುತ್ತಾಳೆ, ಮತ್ತು ಅದರ ಮುಕ್ಕಾಲು ಭಾಗ ನಮ್ಮ ಫ್ರಿಜ್ಜಿನಲ್ಲಿ ನಡೆಯುತ್ತದೆ. ಹುದುಗು ಎಂದರೆ ಏನೆಂದು ತಿಳಿಯದ ಕಾಲದಲ್ಲಿ ನಾನು ಫ್ರಿಜ್ಜು ತೆರೆದರೆ ನೀರಿನ ಬಾಟಲಿ ಸಿಗುತ್ತಿತ್ತು. ಈಗ ತೆರೆದರೆ ಹತ್ತು ಗಾಜಿನ ಭರಣಿಗಳು ನನ್ನನ್ನು ನೋಡುತ್ತವೆ. ಒಂದೊಂದಕ್ಕೂ ಚೀಟಿ, ಒಂದೊಂದಕ್ಕೂ ಅಂಕಿ. ಕೆಲವು ಉಸಿರಾಡುತ್ತವೆ. ಒಮ್ಮೆ ಮುಚ್ಚಳ ಬಿಗಿಯಾಗಿದ್ದ ಒಂದು ಭರಣಿ ನಮ್ಮ ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ ಸಿಡಿದು, ನಾನು ಸಿಲಿಂಡರ್ ಎಂದುಕೊಂಡು ಬನಿಯನ್ನಿನಲ್ಲೇ ಬೀದಿಗೆ ಓಡಿದ್ದೆ. ಗಿರಿಜಾ ಒಳಗಿನಿಂದಲೇ, ‘ಬರ್ರಿ ಒಳಗ, ರಾಗಿ ಅದು’ ಎಂದಳು. ಎದುರು ಮನೆಯವರು ಇವತ್ತಿಗೂ ನನ್ನನ್ನು ಕಂಡರೆ, ‘ರಾಗಿ ಆರಾಮೇನ್ರಿ?’ ಎಂದು ಕೇಳುತ್ತಾರೆ.

ಹಾಲಿಲ್ಲದ ಮೊಸರಿನ ಕಾಲವೂ ಬಂದು ಹೋಯಿತು. ಶೇಂಗಾ ನೆನೆಸಿ, ರುಬ್ಬಿ, ಸೋಸಿ, ಅದಕ್ಕೆ ಹೆಪ್ಪು ಹಾಕಿ ಅವಳು ಒಂದು ಮೊಸರು ಮಾಡಿದಳು. ಕೆನೆ ಕಟ್ಟಿದ ಹಾಗೆ ಕಾಣುತ್ತಿತ್ತು, ಚಮಚದಲ್ಲಿ ನಿಲ್ಲುತ್ತಿತ್ತು, ಬಾಯಿಗಿಟ್ಟರೆ ಮಾತ್ರ ಶೇಂಗಾ ಚಟ್ನಿಗೆ ದುಃಖವಾದಂತೆ ಇತ್ತು. ನಾನು ಅದನ್ನು ಎಂಟು ದಿನ ರೊಟ್ಟಿಯ ಜೊತೆ ತಿಂದೆ. ದಿನಾ ಸಂಜೆ ಅವಳು ಒಂದು ಹಾಳೆ ಕೊಟ್ಟು, ಹುಳಿ ಎಷ್ಟು, ವಾಸನೆ ಹೇಗೆ, ಒಟ್ಟು ಸಮಾಧಾನ ಎಷ್ಟು ಎಂದು ಒಂದರಿಂದ ಒಂಬತ್ತರೊಳಗೆ ಅಂಕ ಹಾಕಿಸಿಕೊಳ್ಳುತ್ತಿದ್ದಳು. ಒಟ್ಟು ಸಮಾಧಾನ ಎಂಬ ಸಾಲಿನಲ್ಲಿ ನಾನು ಮದುವೆಯಾದ ಮೇಲೆ ಮೊದಲ ಸಲ ಮನಸ್ಸು ಬಿಚ್ಚಿ ಬರೆದೆ.

ಇಷ್ಟು ಸಿಟ್ಟು ಇದ್ದರೂ ನಾನು ಅವಳ ಕೆಲಸಕ್ಕೆ ಅಡ್ಡಬರಲಿಲ್ಲ. ಕಾರಣ ನೀಲಕ್ಕ.

ನೀಲಕ್ಕ ನನ್ನ ಅಕ್ಕ. ಹಿರೇಕೆರೂರು ತಾಲೂಕಿನ ಚಿಕ್ಕೇರೂರಿಗೆ ಕೊಟ್ಟಿದೆ. ಭಾವ ಗೋವಿನಜೋಳ ಬೆಳೆಯುತ್ತಾರೆ, ಅಕ್ಕ ಊರಿನ ನ್ಯಾಯ ಬಗೆಹರಿಸುತ್ತಾಳೆ. ಅಂಥ ಗಟ್ಟಿ ಹೆಂಗಸು ವರ್ಷಗಟ್ಟಲೆ ಹೊಟ್ಟೆ ಹಿಡಿದುಕೊಂಡು ಸೊರಗಿದಳು. ಗಾಳಿ ಎಂದರು, ಉಷ್ಣ ಎಂದರು, ವಯಸ್ಸು ಎಂದರು. ಕಡೆಗೆ ಗಿರಿಜಾಳೇ ಹಟ ಹಿಡಿದು ರಕ್ತ ಪರೀಕ್ಷೆ ಮಾಡಿಸಿದಾಗ ಗೊತ್ತಾದದ್ದು, ಅಕ್ಕನ ಕರುಳಿಗೆ ಗೋಧಿ ಆಗುವುದಿಲ್ಲ ಎಂದು. ಗೋಧಿಯಲ್ಲಿ ಗ್ಲುಟೆನ್ ಎಂಬ ಒಂದು ಅಂಟಿದೆ. ಕಣಕ ಎಳೆದರೆ ಹರಿಯದೆ ಬರುವುದು ಆ ಅಂಟಿನಿಂದ. ಅದೇ ಅಂಟು ಕೆಲವರ ಕರುಳನ್ನು ಒಳಗಿನಿಂದ ಸವೆಸುತ್ತದೆ. ಅದಕ್ಕೆ ಮದ್ದಿಲ್ಲ. ಜೀವನಪೂರ್ತಿ ಗೋಧಿ ಬಿಡಬೇಕು, ಅಷ್ಟೆ. ಚೂರು ಚಪಾತಿ, ಚಿಟಿಕೆ ರವೆ ಕೂಡ ಸಲ್ಲದು.

ಜೋಳದ ನಾಡಿನಲ್ಲಿ ಇದೇನು ದೊಡ್ಡ ಕಷ್ಟ ಎಂದು ನಾನೂ ಅಂದುಕೊಂಡಿದ್ದೆ. ದಿನದ ಊಟಕ್ಕೆ ಕಷ್ಟವಿಲ್ಲ. ಕಷ್ಟ ಇರುವುದು ಬೀಗರ ಮನೆಯಲ್ಲಿ. ಅಕ್ಕನ ಮಗಳನ್ನು ಹಾನಗಲ್ಲಿಗೆ ಕೊಟ್ಟಿದೆ. ಮಗಳು ಬಸುರಿಯಾಗಿ ಅವಳ ಕುಬುಸದ ದಿನ ಅಲ್ಲಿ ಅಕ್ಕ ಎಲೆಯ ಮೇಲಿನ ಹೋಳಿಗೆ ಮುಟ್ಟದೆ ಅನ್ನ ಸಾರು ಉಂಡು ಎದ್ದಳು. ಬೀಗಿತ್ತಿ ನಾಲ್ಕು ಜನರ ನಡುವೆ, ‘ನಮ್ಮ ಮನಿ ಹೋಳಿಗಿ ನಿಮಗ ಹಿಡಸಂಗಿಲ್ಲ ಕಾಣತೈತಿ’ ಎಂದಳು. ಅಕ್ಕ ಕಾಯಿಲೆಯ ಮಾತು ಹೇಳಿದಳು. ‘ಗೋದಿ ತಿಂದ್ರ ಯಾರಿಗ್ರಿ ಜಡ್ಡ ಬರ್ತೈತಿ? ದೊಡ್ಡಸ್ತಿಕಿಗೆ ಹೆಸರ ಹುಡುಕ್ಯಾರ’ ಎಂದು ಯಾರೋ ಹಿಂದಿನಿಂದ ಅಂದರು. ನಾನು ಅಲ್ಲೇ ಎರಡನೆಯ ಪಂಕ್ತಿಯಲ್ಲಿದ್ದೆ, ಕೋಸಂಬರಿಯಲ್ಲಿದ್ದೆ. ನನ್ನ ಅಕ್ಕ ತಲೆ ತಗ್ಗಿಸಿ ಎಲೆ ಮಡಚಿದ್ದನ್ನು ಆವತ್ತು ಮೊದಲ ಸಲ ನೋಡಿದೆ. ಎಲೆಯನ್ನು ಊಟ ಚೆನ್ನಾಗಿತ್ತು ಎಂಬಂತೆ ತನ್ನ ಕಡೆಗೇ ಮಡಚಿದಳು, ಅಷ್ಟು ಸಿಟ್ಟಿನಲ್ಲೂ.

ಹಾನಗಲ್ಲಿನಿಂದ ಬರುವ ಬಸ್ಸಿನಲ್ಲಿ ಗಿರಿಜಾ ಹೇಳಿದಳು: ‘ಅಕ್ಕಾರ, ಕೂಸಿನ ತೊಟ್ಟಿಲದಾಗ ನೀವು ಅದೇ ಮನ್ಯಾಗ, ಅದೇ ಪಂಕ್ತಿಯೊಳಗ ಹೋಳಿಗಿ ತಿಂತೀರಿ. ನಾ ಮಾಡಿ ಕೊಡ್ತೇನಿ.’

‘ಜ್ವಾಳದ್ದು ಹೋಳಿಗಿ ಆಗತೈತೇನ?’

‘ಆಗಂಗಿಲ್ಲ. ಅದಕ್ಕ ಮಾಡ್ತೇನಿ.’

ಅದು ಆಗುವುದಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ಜೋಳದ ಹಿಟ್ಟಿಗೆ ಅಂಟಿಲ್ಲ. ಹೂರಣ ತುಂಬಿ ಲಟ್ಟಿಸಿದರೆ ಕಣಕ ಬಾಯಿ ಬಿಡುತ್ತದೆ. ಗಿರಿಜಾ ಹಿಟ್ಟನ್ನು ಎರಡು ದಿನ ಹುದುಗಿಸಿ, ಅಗಸೆ ಬೀಜ ಕುದಿಸಿದ ಲೋಳೆ ಸೇರಿಸಿ ನಾದಿದಳು. ಲೋಳೆ ಹೆಚ್ಚಾದರೆ ಕಣಕ ಕೈಬಿಟ್ಟು ಬರಲಿಲ್ಲ, ಕಡಿಮೆಯಾದರೆ ಬಿರಿಯಿತು. ಹನ್ನೊಂದು ಸಲ ಮಾಡಿದಳು. ಹನ್ನೊಂದು ಸಲವೂ ಹೋಳಿಗೆ ತವೆಯ ಮೇಲೆ ಒಡೆದು ಹೂರಣ ಸೀದು ಮನೆಯೆಲ್ಲ ಬೆಲ್ಲದ ಹೊಗೆಯಾಯಿತು. ಸೋತ ಹೋಳಿಗೆಗಳು ಎಲ್ಲಿ ಹೋದವು ಎಂದು ಯಾವ ಸಂಶೋಧನಾ ಪತ್ರಿಕೆಯೂ ಬರೆಯುವುದಿಲ್ಲ. ಅವು ನನ್ನ ಹೊಟ್ಟೆಗೆ ಹೋದವು.

ತೊಟ್ಟಿಲಿಗೆ ಇನ್ನು ಹದಿನೈದು ದಿನ ಇರುವಾಗ ಕಾಲೇಜಿನಲ್ಲಿದ್ದ ಅವಳ ಸಣ್ಣ ಹಿಟ್ಟಿನ ಯಂತ್ರ ಕೆಟ್ಟಿತು. ರಿಪೇರಿಗೆ ಹುಬ್ಬಳ್ಳಿಗೆ ಹೋಗಬೇಕು, ವಾರ ಹಿಡಿಯುತ್ತದೆ. ಊರಿನ ಗಿರಣಿಯಲ್ಲಿ ಬೀಸಿದರೆ ಗೋಧಿಯ ಧೂಳು ಸೇರುತ್ತದೆ. ಅವಳು ತಲೆಗೆ ಕೈ ಹೊತ್ತು ಕೂತದ್ದನ್ನು ನೋಡಿ ನನಗೆ ಕನಿಕರವಾಯಿತು. ‘ನಾನು ಹೋಗಿ ಕಣ್ಣೆದುರು ನಿಂತು ಬೀಸಿಸಿಕೊಂಡು ಬರುತ್ತೇನೆ’ ಎಂದೆ. ಅವಳು ಬಹಳ ಹೊತ್ತು ನನ್ನ ಮುಖ ನೋಡಿ ಒಂದು ಚೀಟಿ ಬರೆದುಕೊಟ್ಟಳು. ಐದು ಸೂಚನೆಗಳಿದ್ದವು. ಬೆಳಿಗ್ಗೆ ಗಿರಣಿ ತೆರೆದ ಕೂಡಲೇ ಹೋಗಬೇಕು. ಕಲ್ಲು, ಬಾಯಿ, ಹಿಟ್ಟು ಬೀಳುವ ಚೀಲ ಎಲ್ಲ ಬ್ರಷ್ಷಿನಿಂದ ಉಜ್ಜಿಸಬೇಕು. ಮೊದಲು ಒಂದು ಸೇರು ನಮ್ಮದೇ ಜೋಳ ಹಾಕಿಸಿ, ಆ ಹಿಟ್ಟನ್ನು ದನಕ್ಕೆ ಸುರಿಯಬೇಕು. ಆಮೇಲೆ ಬಂದದ್ದನ್ನು ಮಾತ್ರ ನಮ್ಮ ಡಬ್ಬಿಯಲ್ಲಿ ಹಿಡಿಯಬೇಕು. ಕೊನೆಯ ಸೂಚನೆ ಹೇಳುವಂಥದ್ದು, ಮಾಡುವಂಥದ್ದಲ್ಲ: ಗಿರಣಿಯವನಿಗೆ ಇದು ಗೋಧಿ ಆಗದವರಿಗೆ ಎಂದು ಬಾಯಿ ಬಿಟ್ಟು ಹೇಳಬೇಕು.

ಗಿರಣಿಯ ಫಕ್ಕೀರಪ್ಪ ನನಗೆ ಹಳೆಯ ಪರಿಚಯ. ಮೈಯೆಲ್ಲ ಹಿಟ್ಟು, ಹುಬ್ಬಿನ ಮೇಲೂ ಹಿಟ್ಟು. ‘ಬರ್ರಿ ಸಾಹೇಬ್ರ. ಗಿರಣಿಗೂ ಕೋರ್ಟ್ ಬಂತಲ್ಲ ಇವತ್ತ’ ಎಂದು ಬರಮಾಡಿಕೊಂಡ. ಅಷ್ಟು ಬೆಳಿಗ್ಗೆಯೂ ಮೂವರು ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿದ್ದರು. ನಮ್ಮ ಕಡೆ ಗೋಧಿಯನ್ನು ಗಂಡಸರು ಗಾಡಿಯ ಮೇಲೆ ಹಾಕಿಕೊಂಡು ಬರುವುದುಂಟು. ಜೋಳವನ್ನು ಮಾತ್ರ ರೊಟ್ಟಿ ಬಡಿಯುವವರೇ ತರುತ್ತಾರೆ, ಬೀಳುವ ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ ಇನ್ನಷ್ಟು ಸಣ್ಣ ಎಂದೋ ಸಾಕು ಎಂದೋ ಹೇಳುವುದಕ್ಕೆ. ಹಾಗಾಗಿ ನನ್ನ ತಲೆಯ ಮೇಲಿನ ಜೋಳದ ಚೀಲ ನೋಡಿ ಒಂದೆರಡು ಮಾತು ಬಂದವು, ನಾನೂ ಒಂದೆರಡು ಮಾತು ಆಡಿದೆ. ಅವು ಲೋಕಾರೂಢಿಯ ಮಾತುಗಳು, ಹೋಳಿಗೆಗೆ ಸಂಬಂಧಪಟ್ಟವಲ್ಲ. ನಾನು ಬ್ರಷ್ಷು ಹಿಡಿದು ನಿಂತು ಉಜ್ಜಿಸಿದೆ. ಒಮ್ಮೆ ಅಲ್ಲ, ಎರಡು ಸಲ. ಮೊದಲ ಸೇರಿನ ಹಿಟ್ಟನ್ನು ನಾನೇ ಕೈಯಾರೆ ಹೊರಗೆ ಕಟ್ಟಿದ್ದ ಎಮ್ಮೆಯ ಬುಟ್ಟಿಗೆ ಸುರಿದು ಬಂದೆ. ಉಳಿದ ಎರಡು ಸೇರು ಬೀಸಿ ಮುಗಿಯುವ ತನಕ ಹಿಟ್ಟು ಬೀಳುವಲ್ಲಿಂದ ಕಣ್ಣು ತೆಗೆಯಲಿಲ್ಲ. ಮನೆಗೆ ಬಂದು ಚೀಟಿಯ ಐದು ಸೂಚನೆಗಳ ಮುಂದೂ ಗುರುತು ಹಾಕಿ, ಸಹಿ ಹಾಕಿ ಕೊಟ್ಟೆ. ಸಹಿ ಯಾಕೆ ಎಂದಳು. ರೂಢಿ ಎಂದೆ.

ಆ ಹಿಟ್ಟಿನಲ್ಲಿ ಮಾಡಿದ ಹನ್ನೆರಡನೆಯ ಹೋಳಿಗೆ ಒಡೆಯಲಿಲ್ಲ. ಗಿರಿಜಾ ಲಟ್ಟಿಸಿದಂತೆ ಅದು ಹರಡಿತು. ತೆಳ್ಳಗಾಯಿತು, ಅಂಚಿನಲ್ಲಿ ಬಿರಿಯಲಿಲ್ಲ, ಎತ್ತಿದರೆ ಕೈಯ ಮೇಲೆ ಮಡಚಿದ ಟವೆಲ್ಲಿನ ಹಾಗೆ ಜೋತುಬಿತ್ತು. ತವೆಯ ಮೇಲೆ ಚುಕ್ಕೆ ಚುಕ್ಕೆ ಬೆಂದಿತು. ಅವಳು ಸೌಟು ಹಿಡಿದುಕೊಂಡೇ ನೆಲದ ಮೇಲೆ ಕೂತು ಅತ್ತಳು. ನನಗೆ ಏನು ಮಾಡಬೇಕೋ ತಿಳಿಯದೆ ಒಟ್ಟು ಸಮಾಧಾನಕ್ಕೆ ಒಂಬತ್ತು ಅಂಕ ಹಾಕಿದೆ. ಹಿಟ್ಟಿನಲ್ಲಿ ಗೋಧಿಯ ಅಂಟಿದೆಯೋ ಇಲ್ಲವೋ ಎಂದು ನೋಡುವ ಪರೀಕ್ಷೆಯ ಕಡ್ಡಿಗಳನ್ನು ಅವಳು ತರಿಸಿದ್ದಳು, ಅವು ಇನ್ನೂ ಬಂದಿರಲಿಲ್ಲ. ‘ಕಡ್ಡಿ ಬರೂತನಾ ಕಾಯೋಣೇನು?’ ಎಂದು ನನ್ನನ್ನೇ ಕೇಳಿದಳು. ‘ನಾನೇ ನಿಂತು ಬೀಸಿಸಿದ್ದೇನೆ, ಕಡ್ಡಿ ಏನು ನನಗಿಂತ ಹೆಚ್ಚು ನೋಡುತ್ತದೆ?’ ಎಂದೆ. ಈ ಮಾತನ್ನೂ ನಾನು ಬಿಡದೆ ಬರೆಯುತ್ತಿದ್ದೇನೆ, ಗಮನಿಸಿ.

ಮರುದಿನ ಬೆಳಗಿನ ಬಸ್ಸಿಗೆ ಅಕ್ಕ ಬಂದಳು. ಎಲೆಯ ಮುಂದೆ ಕೂತು ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡು ಮೊದಲ ತುತ್ತು ಬಾಯಿಗಿಟ್ಟಳು. ಆಮೇಲೆ, ‘ಯವ್ವಾ ಗಿರಿಜಾ, ಇದು ಹೋಳಿಗಿನ ಐತಿ’ ಎಂದಳು. ಎರಡು ತಿಂದಳು. ಮೂರನೆಯದನ್ನು ಬೇಡ ಬೇಡ ಎನ್ನುತ್ತ ಅರ್ಧ ಮಾಡಿಸಿಕೊಂಡಳು. ಹಾನಗಲ್ಲಿನ ಬೀಗಿತ್ತಿಯ ಎದುರು ಅದನ್ನು ಹೇಗೆ ತಿನ್ನುತ್ತೇನೆ ಎಂದು ಕೂತಲ್ಲೇ ಮಾಡಿ ತೋರಿಸಿದಳು. ಕತ್ತು ಕೊಂಕಿಸಿ, ನಿಧಾನವಾಗಿ, ಬೀಗಿತ್ತಿಯನ್ನೇ ನೋಡುತ್ತ. ನಾವು ಮೂವರೂ ನಕ್ಕೆವು.

ನಾಲ್ಕು ಗಂಟೆಯ ಚಹಾದ ಹೊತ್ತಿಗೆ ಅಕ್ಕ ಮಾತು ನಿಲ್ಲಿಸಿದಳು. ನಮ್ಮ ಅಕ್ಕ ಮಾತು ನಿಲ್ಲಿಸುವುದು ಸಣ್ಣ ಲಕ್ಷಣವಲ್ಲ. ಕಪ್ಪು ಕೆಳಗಿಟ್ಟು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಹಣೆಯ ಮೇಲೆ ಬೆವರು ಬಂತು. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದವಳು ಬರುವಾಗ ಎರಡು ಹೆಜ್ಜೆಗೊಮ್ಮೆ ನಿಂತಳು. ನಾನು ಅವಳಿಗೆ ನೀರು ಕೊಟ್ಟು ಡಾಕ್ಟರರನ್ನು ಕರೆಯಲು ಓಡಿದೆ. ಡಾಕ್ಟರರು ಬಂದು ನೋಡಿ ಔಷಧ ಕೊಟ್ಟರು. ಗೋಧಿಯೇ ಎಂದರು. ಗಿರಿಜಾ ಅಕ್ಕನ ಕಾಲಿನ ಹತ್ತಿರ ಕೂತಿದ್ದಳು, ಅವಳ ಮುಖದಲ್ಲಿ ಏನೂ ಇರಲಿಲ್ಲ. ಅಕ್ಕನೇ ಅವಳ ತಲೆ ಸವರಿ, ‘ಹೋಗ್ಲಿ ಬಿಡ. ತಿನ್ನೂವಾಗ ಭಾಳ ಚಲೋ ಇತ್ತು’ ಎಂದಳು. ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಗಿರಿಜಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನನಗೆ ಆ ಮಾತು ಹೇಳಿದಳು. ‘ಗಿರಣ್ಯಾಗ ಏನರೆ ಆಗೇತಿ. ನೀವು ಸರಿಯಾಗಿ ನೋಡಿರಲಿಕ್ಕಿಲ್ಲ.’

ನಾನು ಎಷ್ಟು ಕೆರಳಿದೆ ಎಂದರೆ ಕೋರ್ಟಿಗೆ ರಜೆ ಹಾಕಿದೆ. ಕೂತು ನಾಲ್ಕು ಪುಟದ ಹೇಳಿಕೆ ಬರೆದೆ. ಎಷ್ಟು ಗಂಟೆಗೆ ಮನೆ ಬಿಟ್ಟೆ, ಯಾವ ಓಣಿಯಿಂದ ಹೋದೆ, ಬ್ರಷ್ಷಿನ ಕೂದಲು ಯಾವ ಬಣ್ಣದ್ದು, ಎಮ್ಮೆಗೆ ಕೊಂಬು ಯಾವ ಕಡೆ ಬಾಗಿತ್ತು ಎಲ್ಲ ಇತ್ತು. ಅಷ್ಟಕ್ಕೆ ಬಿಡದೆ ಇತರ ಆರೋಪಿಗಳನ್ನು ಹುಡುಕಲು ಹೊರಟೆ. ತವೆಯ ಮೇಲೆ ಹಿಂದಿನ ವಾರ ಚಪಾತಿ ಮಾಡಿದ್ದೆವು ಎಂದೆ. ಹೋಳಿಗೆಗೆ ಬೇರೆ ತವೆ ಇದೆ ಎಂದಳು. ಸವಣೂರಿನಿಂದ ನಾನೇ ತಂದಿದ್ದ ಖಾರದ ಪೊಟ್ಟಣ ಬಿಚ್ಚಿತ್ತು, ಆ ಕುರುಕಲಿನಲ್ಲಿ ಗೋಧಿ ಇರಬಹುದು, ಅಕ್ಕ ತಿಂದಿರಬಹುದು ಎಂದೆ. ಅಕ್ಕ ಹಾಸಿಗೆಯಿಂದಲೇ ಹೇಳಿದಳು: ‘ಏ ತಮ್ಮಾ, ಆ ಖಾರ ನೀನ ಒಬ್ಬನ ತಿಂದೀದಿ. ನಾ ನೋಡೇನಿ, ಬಾಗಿಲ ಹಿಂದ ನಿಂತು. ಬರಕೋ ಅದನ್ನೂ.’ ಬಸ್ಸಿನಲ್ಲಿ ಯಾರಾದರೂ ಬಿಸ್ಕತ್ತು ಕೊಟ್ಟರೇನು ಎಂದು ಕೇಳಿದೆ. ಅವಳು ಗೋಡೆಯ ಕಡೆಗೆ ತಿರುಗಿ ಮಲಗಿದಳು. ನಾನು ನೊಂದೆ. ನನ್ನ ಸಾಕ್ಷಿಯನ್ನು ನಂಬದ ಮನೆಯಲ್ಲಿ ಉಣ್ಣುವುದು ಹೇಗೆ ಎಂದು ಎರಡು ಹೊತ್ತು ಮುನಿಸಿಕೊಂಡೆ. ಯಾರೂ ಕರೆಯಲಿಲ್ಲವಾದ್ದರಿಂದ ಮೂರನೆಯ ಹೊತ್ತಿಗೆ ಉಂಡೆ.

ನಾಲ್ಕನೆಯ ದಿನ ಪರೀಕ್ಷೆಯ ಕಡ್ಡಿಗಳು ಬಂದವು. ಅಷ್ಟು ಹೊತ್ತಿಗೆ ಅಕ್ಕ ಎದ್ದು ಕೂತು ಗಂಜಿ ಕುಡಿಯುತ್ತಿದ್ದಳು. ಗಿರಿಜಾ ಡಬ್ಬಿಯಲ್ಲಿ ಉಳಿದಿದ್ದ ಹಿಟ್ಟನ್ನು ಒಂದು ದ್ರವದಲ್ಲಿ ಕಲಸಿ ಕಡ್ಡಿ ಅದ್ದಿದಳು. ಗೋಧಿ ಇಲ್ಲದಿದ್ದರೆ ಒಂದು ಗೆರೆ, ಇದ್ದರೆ ಎರಡು. ಎರಡನೆಯ ಗೆರೆ ಮೂಡುವುದಕ್ಕೆ ಹೊತ್ತೇ ಹಿಡಿಯಲಿಲ್ಲ. ದಪ್ಪಗೆ, ಕೆಂಪಗೆ ಬಂತು. ಧೂಳು ಸೇರಿದ್ದಲ್ಲ ಇದು, ಕೈಯಾರೆ ಹಾಕಿದ್ದು ಎಂದಳು. ಆಮೇಲೆ ಅವಳು ಆಡಿದ ಮಾತು ಬಹಳ ಸಣ್ಣ ದನಿಯದು: ‘ಅದಕ್ಕ ಹೋಳಿಗಿ ಒಡೀಲಿಲ್ಲ.’ ಅವಳ ಹನ್ನೆರಡನೆಯ ಗೆಲುವು ಜೋಳದ್ದಾಗಿರಲಿಲ್ಲ, ಅಗಸೆಯದ್ದೂ ಆಗಿರಲಿಲ್ಲ. ಗೋಧಿಯದ್ದಾಗಿತ್ತು. ನೋಟುಬುಕ್ಕು ತೆರೆದು ಆ ಪುಟಕ್ಕೆ ಮೂಲೆಯಿಂದ ಮೂಲೆಗೆ ಗೀಟು ಎಳೆದಳು.

ನಾನು ಚಪ್ಪಲಿ ಮೆಟ್ಟಿಕೊಂಡು ನೇರ ಗಿರಣಿಗೆ ನಡೆದೆ. ಅಷ್ಟು ಬೇಗ ನಾನು ಎಂದೂ ನಡೆದದ್ದಿಲ್ಲ. ದಾರಿಯುದ್ದಕ್ಕೂ ಮೋಸ, ವಿಶ್ವಾಸದ್ರೋಹ, ಜೀವಕ್ಕೆ ಅಪಾಯ ಎಂಬ ಶಬ್ದಗಳನ್ನು ಸಾಲಾಗಿ ಜೋಡಿಸಿಕೊಂಡಿದ್ದೆ. ಫಕ್ಕೀರಪ್ಪ ಗಿರಣಿ ನಿಲ್ಲಿಸಿ ನನ್ನ ಮಾತನ್ನೆಲ್ಲ ಕೇಳಿಸಿಕೊಂಡ. ಅವನ ಹುಬ್ಬಿನ ಹಿಟ್ಟು ಅಲುಗಲಿಲ್ಲ.

‘ಹೌದ್ರಿ, ಹಾಕೇನಿ’ ಎಂದ. ‘ಎರಡು ಬೊಗಸಿ ಗೋದಿ. ನೀವು ಎಮ್ಮಿಗೆ ಹಿಟ್ಟು ಹಾಕಾಕ ಹೊರಗ ಹೋಗಿದ್ರೆಲ್ಲ, ಆವಾಗ.’

‘ಯಾಕ ಹಾಕಿದಿ?’

‘ಹೊಸಾ ಸೊಸ್ಯಾರ ಜ್ವಾಳ ತಂದ್ರ ನಾ ಹಂಗ ಮಾಡ್ತೇನ್ರಿ. ಪಾಪ, ಕೈ ಕುಂತಿರಂಗಿಲ್ಲ, ರೊಟ್ಟಿ ಹರೀತಾವು, ಅತ್ತಿ ಬೈತಾಳ. ಒಂದು ಬೊಗಸಿ ಗೋದಿ ಬಿದ್ರ ರೊಟ್ಟಿ ಎದ್ದು ಬರ್ತೈತಿ. ಹೇಳಿ ಹಾಕಿದ್ರ ಅವರ ಮರ್ಯಾದಿ ಹೋಗತೈತಿ, ಅದಕ್ಕ ಹೇಳಂಗಿಲ್ಲ. ನಮ್ಮಪ್ಪನೂ ಹಿಂಗ ಮಾಡತಿದ್ದ.’

‘ನಾನು ಹೊಸಾ ಸೊಸಿಯೇನು?’

‘ನೀವ ಅಂದ್ರೆಲ್ರಿ. ಇಷ್ಟು ಮಡಿ ಯಾಕ್ರಿ ಸಾಹೇಬ್ರ, ಮನ್ಯಾಗ ರೊಟ್ಟಿ ಬಡಿಯೋರು ಯಾರು ಅಂತ ನಾ ಕೇಳಿದೆ. ಈ ಅಕ್ಕಾರೆಲ್ಲಾ ಕುಂತಿದ್ರು. ನೀವು ಎದಿ ಉಬ್ಬಿಸಿ, ನಾನ ಬಡೀತೇನಿ, ದಿನಾ ಹತ್ತು ಬಡೀತೇನಿ, ನಂಗ ಹಿಟ್ಟು ಸ್ವಚ್ಛ ಬೇಕು ಅಂದ್ರಿ. ಗಂಡಸು ಹತ್ತು ಬಡಿಯೋದು ಸುಳ್ಳ ಐತಿ, ಕಲಿಯಾಕತ್ತಾರ ಅಂದಕೊಂಡೆ. ಅದಕ್ಕ ನಿಮಗ ಎರಡು ಬೊಗಸಿ.’

ಮೂಲೆಯಲ್ಲಿ ಕೂತಿದ್ದ ಹೆಂಗಸೊಬ್ಬಳು, ‘ಮತ್ತ ಎದ್ದು ಬಂದ್ವೇನ್ರಿ ರೊಟ್ಟಿ?’ ಎಂದು ಕೇಳಿದಳು.

ಗೋಧಿ ಆಗದವರಿಗೆ ಎಂದು ಹೇಳಿದ್ದರೆ ಒಂದು ಕಾಳನ್ನೂ ಮುಟ್ಟಿಸುತ್ತಿರಲಿಲ್ಲ ಎಂದು ಅವನು ಕಿವಿ ಮುಟ್ಟಿಕೊಂಡ. ಅಕ್ಕನಿಗೆ ಹೇಗಿದೆ ಎಂದು ಎರಡು ಸಲ ಕೇಳಿದ. ನಾನು ಅವನ ಮೇಲೆ ಇನ್ನೂ ಸಿಟ್ಟಾಗಬೇಕೆಂದು ಬಹಳ ಪ್ರಯತ್ನಪಟ್ಟೆ.

ಈಗ ಬಿಟ್ಟದ್ದನ್ನು ಹೇಳುತ್ತೇನೆ. ಆ ಮೂವರು ಹೆಂಗಸರು ನನ್ನ ತಲೆಯ ಮೇಲಿನ ಚೀಲ ನೋಡಿ ಸೆರಗು ಬಾಯಿಗಿಟ್ಟುಕೊಂಡಿದ್ದರು. ‘ಬಾಯಾರು ಕಾಲೇಜಿಗೆ ಹೋದ್ರ ಸಾಹೇಬ್ರು ಗಿರಣಿಗೆ’ ಎಂದು ಒಬ್ಬಳು ಗಿರಿಜಾಳನ್ನೂ ಎಳೆದು ಅಂದಳು. ಆ ಹೊತ್ತಿನಲ್ಲಿ ಅಕ್ಕನ ಕರುಳಿನ ಕತೆ ಹೇಳುವುದು ನನಗೆ ಸಂಕೋಚವಾಯಿತು. ಒಬ್ಬರ ಹೊಟ್ಟೆಯ ವಿಷಯವನ್ನು ಪರ ಹೆಂಗಸರ ಮುಂದೆ ಯಾಕೆ ತೆಗೆಯಬೇಕು ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ನಿಜವೆಂದರೆ ಹೆಂಡತಿ ಬರೆದುಕೊಟ್ಟ ಚೀಟಿಯಂತೆ ನಡೆಯುತ್ತಿದ್ದೇನೆ ಎಂದು ತೋರಿಸಿಕೊಳ್ಳುವುದಕ್ಕಿಂತ ರೊಟ್ಟಿ ಬಡಿಯುವ ಗಂಡಸು ಎನ್ನಿಸಿಕೊಳ್ಳುವುದು ಹೆಚ್ಚು ಗೌರವದ್ದು ಎಂದು ಆ ಕ್ಷಣಕ್ಕೆ ಅನಿಸಿತು. ಚೀಟಿಯ ಮುಂದೆ ಗುರುತು ಹಾಕುವಾಗ ಮೊದಲ ನಾಲ್ಕು ನ್ಯಾಯವಾದವು. ಐದನೆಯದಕ್ಕೆ ಕೈ ತಾನೇ ಹೋಯಿತು.

ಮನೆಯಲ್ಲಿ ಗಿರಿಜಾ ನನ್ನ ನಾಲ್ಕು ಪುಟದ ಹೇಳಿಕೆಯನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದಳು, ಪಕ್ಕದಲ್ಲಿ ಸಹಿ ಹಾಕಿದ ಚೀಟಿ. ನಾನು ನಿಂತೇ ಎಲ್ಲವನ್ನೂ ಹೇಳಿದೆ. ನಡೆದ ಅನುಕ್ರಮದಲ್ಲಿ, ಏನನ್ನೂ ಬಿಡದೆ. ಹೇಳಿ ಮುಗಿದ ಮೇಲೆ ಒಳಗಿನ ಕೋಣೆಯಿಂದ ಒಂದು ಸದ್ದು ಬಂತು. ಅಕ್ಕನಿಗೆ ಮತ್ತೆ ನೋವು ಬಂತೇನೋ ಎಂದು ಓಡಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ‘ದಿನಾ ಹತ್ತು’ ಎಂದಳು. ಉಸಿರು ಎಳೆದುಕೊಂಡು ಮತ್ತೆ, ‘ದಿನಾ ಹತ್ತಂತ’ ಎಂದಳು. ಗಿರಿಜಾ ನಗಲಿಲ್ಲ. ‘ನಿಮ್ಮನ್ನ ಬೈಯಾಕ ನಂಗ ಹಕ್ಕಿಲ್ರಿ’ ಎಂದಳು. ‘ಕಡ್ಡಿ ಬರೂತನಾ ಕಾಯಬೇಕಿತ್ತು. ಅದು ನನ್ನ ತಪ್ಪು. ಆದ್ರ ಈ ಚೀಟಿಗೆ ಸಹಿ ಹಾಕೀರಿ ನೀವು.’ ಬೈದಿದ್ದರೆ ಚೆನ್ನಾಗಿತ್ತು ಎಂದು ಇನ್ನೊಮ್ಮೆ ಅನಿಸಿತು.

ತೀರ್ಪು ಅಕ್ಕ ಕೊಟ್ಟಳು. ಚಿಕ್ಕೇರೂರಿನ ಅವಳ ಅಟ್ಟದ ಮೇಲೆ ನಮ್ಮ ಅವ್ವನ ಬೀಸುಕಲ್ಲು ಇತ್ತು. ಗೋಧಿ ಕಂಡು ಎಷ್ಟೋ ವರ್ಷವಾಗಿದ್ದರೂ ಅದನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆದು, ಮೈ ಒರಟಾಗಲೆಂದು ಉಳಿಯಿಂದ ಹೊಸ ಟಾಕಿ ಹೊಡೆಸಿ, ಬಿಸಿಲಿಗೆ ಒಣಗಿಸಿ ತರಿಸಿದಳು. ನಾನು ಕೂತು ಬೀಸಬೇಕು. ಬೀಸಿದೆ. ಮೊದಲ ದಿನ ಒಂದು ಪಾವು ಹಿಟ್ಟಿಗೆ ನನ್ನ ರಟ್ಟೆ ಬಿದ್ದುಹೋಯಿತು. ಅಕ್ಕ ಎದುರಿಗೆ ಕುರ್ಚಿ ಹಾಕಿಕೊಂಡು ಕೂತು, ‘ಕೈ ಅಲ್ಲ, ಮೈ ಬಗ್ಗಿಸು’ ಎನ್ನುತ್ತಿದ್ದಳು. ಆ ಹಿಟ್ಟಿಗೆ ಕಡ್ಡಿ ಅದ್ದಿದರೆ ಒಂದೇ ಗೆರೆ ಬಂತು. ಗಿರಿಜಾ ಹದಿಮೂರನೆಯ ಸಲ ಹುದುಗಿಸಿ, ಲೋಳೆ ಸೇರಿಸಿ, ನಾದಿ, ಲಟ್ಟಿಸಿ ತವೆಗೆ ಹಾಕಿದಳು. ಹೋಳಿಗೆ ಒಡೆಯಿತು. ಮೂರು ತುಂಡಾಯಿತು.

ಅಕ್ಕ ತವೆಯಿಂದಲೇ ಒಂದು ತುಂಡು ಎತ್ತಿ ಬಾಯಿಗೆ ಹಾಕಿಕೊಂಡಳು. ಮೂರು ದಿನ ಕಾದೆವು. ಅವಳ ಮಾತು ಒಂದು ಗಳಿಗೆಯೂ ನಿಲ್ಲಲಿಲ್ಲ.

ತೊಟ್ಟಿಲಿನ ದಿನ ಹಾನಗಲ್ಲಿನಲ್ಲಿ ಅದೇ ಪಂಕ್ತಿಯಲ್ಲಿ ಅಕ್ಕ ತನ್ನ ಸ್ಟೀಲಿನ ಡಬ್ಬಿ ಬಿಚ್ಚಿ ಎಲೆಯ ಮೇಲೆ ಹೋಳಿಗೆಯ ತುಂಡುಗಳನ್ನು ಸುರಿದುಕೊಂಡು, ತುಪ್ಪ ಬಡಿಸುತ್ತ ಬಂದವರ ಮುಂದೆ ಕೈ ಚಾಚಿದಳು. ಬೀಗಿತ್ತಿ ಬಗ್ಗಿ ನೋಡಿ, ‘ಇದೇನ್ರಿ ಬೀಗ್ರ, ಹೋಳಿಗಿ ಚೂರಾಗ್ಯಾವಲ್ಲ’ ಎಂದಳು. ಅಕ್ಕ ಕತ್ತು ಕೊಂಕಿಸಿದಳು. ‘ಹೋಳಿಗಿ ಸುಮಾರ ಇರಬೋದು. ಆದ್ರ ಹಿಟ್ಟು ನಮ್ಮ ತಮ್ಮ ಬೀಸ್ಯಾನ. ಕೋರ್ಟಿನಾಗ ಅದಾನ. ನಿಮ್ಮ ಮನ್ಯಾಗ ಹೆಂಗಸರ ಸಲುವಾಗಿ ಕಲ್ಲು ಬೀಸೋ ಗಂಡಸು ಎಷ್ಟು ಮಂದಿ ಅದಾರ?’ ಪಂಕ್ತಿಯಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ನನ್ನ ಕಡೆ ನೋಡಿದರು. ಗಂಡಸರೂ ನೋಡಿದರು, ಬೇರೆ ರೀತಿ. ಬೀಗಿತ್ತಿ ತಾನೇ ತುಪ್ಪದ ಗಿಂಡಿ ಇಸಿದುಕೊಂಡು ಅಕ್ಕನ ಎಲೆಗೆ ಇನ್ನೊಂದು ಧಾರೆ ಹಾಕಿದಳು. ನಾನು ತಲೆ ತಗ್ಗಿಸಿ ಕೋಸಂಬರಿ ತಿನ್ನುತ್ತಿದ್ದೆ.

ಒಡೆಯದ ಹೋಳಿಗೆ ಗಿರಿಜಾಳಿಗೆ ಇನ್ನೂ ದಕ್ಕಿಲ್ಲ. ಈಗ ಹತ್ತೊಂಬತ್ತನೆಯದು ನಡೆದಿದೆ. ಆದರೆ ಗಿರಣಿಯಲ್ಲಿ ನಾನು ಕೊಟ್ಟ ಸಾಕ್ಷಿ ಸುಳ್ಳಾಗಿ ಉಳಿಯುವುದು ಅವಳಿಗೆ ಇಷ್ಟವಿಲ್ಲ. ಭಾನುವಾರಗಳಂದು ಹತ್ತು ಉಂಡೆ ಹಿಟ್ಟು ನಾದಿ ರೊಟ್ಟಿ ಬಡಿಯುವ ಮರದ ಕೊಣಮಿಗೆಯ ಪಕ್ಕ ಇಟ್ಟು ಪೇಪರು ಓದಲು ಕೂರುತ್ತಾಳೆ. ನಾನು ಬಡಿಯುತ್ತೇನೆ. ಮೊದಲನೆಯದು ಅಂಚಿನಲ್ಲಿ ಬಿರಿಯುತ್ತದೆ, ಎರಡನೆಯದು ಎತ್ತುವಾಗ ಹರಿಯುತ್ತದೆ, ಮೂರನೆಯದು ತವೆಯ ತನಕ ಬಂದು ಅಲ್ಲಿ ಮನಸ್ಸು ಬದಲಿಸುತ್ತದೆ. ಆರನೆಯ ಹೊತ್ತಿಗೆ ನನ್ನ ಸಿಟ್ಟೆಲ್ಲ ಫಕ್ಕೀರಪ್ಪನ ಕಡೆಗೆ ತಿರುಗುತ್ತದೆ. ಎರಡು ಬೊಗಸೆ ಎಂದರೆ ಅದೆಷ್ಟು ದೊಡ್ಡ ಮನಸ್ಸು ಎಂದು ಆಗ ಗೊತ್ತಾಗುತ್ತದೆ.